ಮಾದರಿ ರೈಲಿಗೆ ಹಳಿ ತಪ್ಪದ ಹಳಿ

ಕೋಣೆ ತುಂಬ ಹರಡಿದ ಮಾದರಿ ರೈಲುಮಾರ್ಗದಲ್ಲಿ ಬೇರೆ ಬೇರೆ ಬೋಗಿಗಳು ಒಂದೇ ಜಾಗದಲ್ಲಿ ಹಳಿ ತಪ್ಪುತ್ತಿದ್ದರೆ ದೋಷ ಹಳಿಯದು. ಒಂದೇ ಬೋಗಿ ಎಲ್ಲೆಂದರಲ್ಲಿ ಹಳಿ ತಪ್ಪಿದರೆ ಮಾತ್ರ ಅದರ ಚಕ್ರಗಳನ್ನು ಪರೀಕ್ಷಿಸಿ.

ಮೊದಲು ತಳವನ್ನು ಗಟ್ಟಿ ಮಾಡಿಕೊಳ್ಳಿ. ತೇವಾಂಶಕ್ಕೆ ಮರ ಹಿಗ್ಗಿ ಕುಗ್ಗುವುದರಿಂದ ಪ್ಲೈವುಡ್‌ನ ಎರಡೂ ಬದಿಗೆ, ಅಂಚುಗಳಿಗೂ ಬಣ್ಣ ಬಳಿಯಿರಿ. ಎಚ್‌ಒ ಅಳತೆಯಲ್ಲಿ, ಅಂದರೆ ನಿಜವಾದ ರೈಲಿನ 87ನೇ ಒಂದು ಭಾಗದಷ್ಟಿರುವ (1:87) ಮಾದರಿಯಲ್ಲಿ, ಹಳಿಗಳ ನಡುವಿನ ಅಂತರ 16.5 ಮಿ.ಮೀ. ಉದ್ದನೆಯ ಬೋಗಿಗಳಿದ್ದರೆ ತಿರುವಿನ ತ್ರಿಜ್ಯ 75 ಸೆಂ.ಮೀ.ಗೆ ಕಡಿಮೆಯಾಗದಿರಲಿ. ಏರು ನೂರಕ್ಕೆ ಎರಡರೊಳಗಿದ್ದರೆ ಒಳ್ಳೆಯದು.

ನಿಜವಾದ ಕೆಲಸವಿರುವುದು ಜೋಡಣೆಯಲ್ಲಿ. ಕತ್ತರಿಸಿದ ಹಳಿಯ ತುದಿಯ ಮೇಲ್ಭಾಗ, ಒಳಅಂಚು, ತಳ ಮೂರನ್ನೂ ಅರದಿಂದ ಉಜ್ಜಿ. ಜೋಡಿಸಿದ ಮೇಲೆ ಒಳಅಂಚಿನ ಮೇಲೆ ಉಗುರು ಎಳೆಯಿರಿ. ಉಗುರು ತಡೆದರೆ ಚಕ್ರವೂ ತಡೆಯುತ್ತದೆ. ಬಾಗುವ ಹಳಿಯಾದರೆ ಎರಡು ತುಂಡುಗಳನ್ನು ನೇರವಾಗಿರುವಾಗಲೇ ಬೆಸೆದು ಆಮೇಲೆ ಬಾಗಿಸಿ. ಇಲ್ಲದಿದ್ದರೆ ತಿರುವಿನ ನಡುವೆ ಮೂಲೆ ಮೂಡುವುದು ಖಂಡಿತ. ನೇರ ಭಾಗದ ಕೆಲವು ಜೋಡಣೆಗಳನ್ನು ಬೆಸೆಯದೆ ವಿಸಿಟಿಂಗ್ ಕಾರ್ಡಿನ ದಪ್ಪದಷ್ಟು ಸಂದು ಬಿಡಿ.

ಹಳಿಯ ತುದಿಗಳನ್ನು ಕೂಡಿಸುವ ಲೋಹದ ತುಂಡು, ಅಂದರೆ ಜಾಯಿನರ್, ಇರುವುದು ಹಳಿಯನ್ನು ಸಾಲಿನಲ್ಲಿಡಲು; ವಿದ್ಯುತ್ತಿಗೆ ಅದನ್ನು ನಂಬಬೇಡಿ. ಪ್ರತಿ ತುಂಡಿಗೂ ಪ್ರತ್ಯೇಕ ತಂತಿಯನ್ನು ಹಳಿಯ ಹೊರಬದಿಗೆ ಬೆಸೆದು, ಹಲಗೆಯ ಕೆಳಗೆ ಆಯಾ ಬದಿಯ ಹಳಿಗೆಂದು ಎಳೆದ ದಪ್ಪ ತಂತಿಗೆ ಸೇರಿಸಿ. ಬೆಸೆಯುವಾಗ ಅಕ್ಕಪಕ್ಕ ಒದ್ದೆ ಹತ್ತಿ ಇಟ್ಟರೆ ಹಳಿಯಡಿಯ ಅಡ್ಡಪಟ್ಟಿ, ಅಂದರೆ ಪ್ಲಾಸ್ಟಿಕ್ ಸ್ಲೀಪರ್, ಕರಗುವುದಿಲ್ಲ.

ರೈಲನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಪಾಯಿಂಟ್‌ಗಳನ್ನು ಕೈಗೆಟುಕದ ಸುರಂಗದೊಳಗೆ ಹಾಕುವುದು ತಲೆನೋವನ್ನು ಕರೆದು ತಂದಂತೆ. ಹಲಗೆಗಳು ಕೂಡುವಲ್ಲಿಯೂ ಅವು ಬೇಡ. ಸರಿಯುವ ಹಳಿಯ ತುದಿ ಪಕ್ಕದ ಹಳಿಗೆ ಬಿಗಿಯಾಗಿ ಒತ್ತಿಕೊಳ್ಳಬೇಕು.

ಜಲ್ಲಿ ಹರಡಲು ಆತುರ ಬೇಡ, ಅಂಟಿಸಿದ ಮೇಲೆ ತಿದ್ದುವುದು ಕಷ್ಟ. ಅದಕ್ಕೆ ಮೊದಲೇ ನಿಮ್ಮ ಅತ್ಯಂತ ಉದ್ದದ ರೈಲನ್ನು ಎಂಜಿನ್ ಹಿಂದಿನಿಂದ ನೂಕುವಂತೆ ಓಡಿಸಿ. ಎಳೆಯುವಾಗ ಕಾಣದ ತಪ್ಪುಗಳು ಆಗ ಹೊರಬೀಳುತ್ತವೆ. ಎಡವಿದ ಕಡೆಯಲ್ಲೆಲ್ಲ ಬಣ್ಣದ ಚೀಟಿ ಅಂಟಿಸಿ. ಕೊನೆಯ ಚೀಟಿ ಕಿತ್ತ ಮೇಲೆಯೇ ಜಲ್ಲಿ. ಬಿಳಿ ಅಂಟಿಗೆ ಅಷ್ಟೇ ನೀರು, ಒಂದು ಹನಿ ಪಾತ್ರೆ ತೊಳೆಯುವ ದ್ರವ ಬೆರೆಸಿ ಹನಿಸಿ. ಪಾಯಿಂಟ್‌ನ ಚಲಿಸುವ ಭಾಗಗಳಿಗೆ ಮಾತ್ರ ತಾಗಿಸಬೇಡಿ.

ಹಳಿ ಒರೆಸಲು ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ಬಟ್ಟೆ ಸಾಕು. ಮರಳು ಕಾಗದ ಮೂಡಿಸುವ ಗೀರುಗಳಲ್ಲಿ ಕೊಳೆ ಇನ್ನಷ್ಟು ಬೇಗ ಕೂರುತ್ತದೆ. ಚಕ್ರ ಕೊಳೆಯಾಗಿದ್ದರೆ ಒರೆಸಿದ ಹಳಿ ಮತ್ತೆ ಕಪ್ಪಾಗುತ್ತದೆ. ಆಲ್ಕೋಹಾಲ್ ಸವರಿದ ಬಟ್ಟೆಯನ್ನು ಹಳಿಯ ಮೇಲೆ ಹಾಸಿ, ಎಂಜಿನ್ನಿನ ಅರ್ಧ ಚಕ್ರಗಳನ್ನು ಅದರ ಮೇಲೆ, ಉಳಿದವನ್ನು ಹಳಿಯ ಮೇಲೆ ಇಟ್ಟು, ಎಂಜಿನ್ನನ್ನು ಕೈಯಲ್ಲಿ ಹಿಡಿದು ವಿದ್ಯುತ್ ಕೊಟ್ಟು ಚಕ್ರ ತಿರುಗಿಸಿ. ನಂತರ ಉಳಿದರ್ಧ.