ಆಟಿ ತಿಂಗಳಲ್ಲೂ ನಿಂತ ತಾಮ್ರದ ಡೈ ಸೆಲ್: ನನ್ನ ಅನುಭವ

ಡೈ ಸೆಲ್ ಎಂದರೆ ಬಣ್ಣದ ಅಣು (ಡೈ) ಬೆಳಕು ಹೀರಿ ವಿದ್ಯುತ್ ಕೊಡುವ ಸೌರಕೋಶ. ಅದರ ಡೈಗೆ ರುಥೇನಿಯಂ ಬಿಟ್ಟು ತಾಮ್ರದ ಕಾಂಪ್ಲೆಕ್ಸ್ (ಲೋಹವನ್ನು ಲಿಗ್ಯಾಂಡ್ ಎಂಬ ಅಣುಗಳು ಸುತ್ತ ಹಿಡಿದ ಸಂಯುಕ್ತ) ಹಾಕಿ, ಅದೂ ಮಂಗಳೂರಿನ ಮಳೆಗಾಲದಲ್ಲಿ ಡೈ ಸೆಲ್ ಮಾಡುತ್ತೇನೆ ಎಂದಾಗ ಎಲ್ಲ ಕಡೆಯಿಂದ ಬಂದ ಮಾತು ಒಂದೇ: "ತಾಮ್ರ ಒಂದರಲ್ಲಿ ನಿಲ್ಲುವುದಿಲ್ಲ ಮಾರಾಯ್ರೆ, ಎರಡಕ್ಕೆ ಹೋಗಿ ಹಸಿರಾಗ್ತದೆ." ತಾಮ್ರ(I) ಗಾಳಿಗೆ ತಾಮ್ರ(II) ಆಗಿ ಬಣ್ಣ ಕೆಡುತ್ತದೆ ಎಂದರ್ಥ. ಹಸಿರಾಗಲಿಲ್ಲ. ಜೂನ್ ಕೊನೆಗೆ ಸೀಲ್ ಮಾಡಿದ ಆರು ಸೆಲ್‌ಗಳಲ್ಲಿ ನಾಲ್ಕು, ಆಗಸ್ಟ್ ಮಧ್ಯದಲ್ಲಿ ಅಳೆದಾಗಲೂ ದಕ್ಷತೆಯಲ್ಲಿ (ಬಿದ್ದ ಬೆಳಕಿನಲ್ಲಿ ವಿದ್ಯುತ್ತಾದ ಪಾಲು) ಶೇ. 1.2ರ ಹತ್ತಿರ ಇದ್ದವು. ಮೊದಲ ದಿನ ಅತ್ಯುತ್ತಮ ಸೆಲ್ ಕೊಟ್ಟದ್ದು ಶೇ. 1.4: ಕರೆಂಟ್ ಚದರ ಸೆಂಟಿಮೀಟರಿಗೆ 3.8 ಮಿಲಿಆಂಪಿಯರ್, ವೋಲ್ಟೇಜ್ 0.54, ಫಿಲ್ ಫ್ಯಾಕ್ಟರ್ (ಇವೆರಡರ ಗುಣಲಬ್ಧದಲ್ಲಿ ನಿಜಕ್ಕೂ ಕೈಗೆ ಸಿಗುವ ಭಾಗ) 0.68. ಅದೇ ಗಾಜು, ಅದೇ ಪೇಸ್ಟ್‌ನಲ್ಲಿ ಎನ್719 ಎಂಬ ರುಥೇನಿಯಂ ಡೈ ಹಾಕಿದರೆ ಶೇ. 6ರ ಆಸುಪಾಸು ಬರುತ್ತದೆ. ವ್ಯತ್ಯಾಸ ದೊಡ್ಡದೇ. ಆದರೆ ಒಂದು ಗ್ರಾಂ ಎನ್719ಕ್ಕೆ ಕೊಡುವ ದುಡ್ಡಿನಲ್ಲಿ ತಾಮ್ರದ ಡೈ ಮಾಡುವ ಸಾಮಾನು ಎರಡು ವರ್ಷಕ್ಕೆ ಸಾಕು.

ದಾರಿ ನನ್ನದಲ್ಲ. ಸ್ವಿಟ್ಜರ್ಲೆಂಡಿನ ಬಾಸೆಲ್‌ನ ಕಾನ್‌ಸ್ಟೇಬಲ್–ಹೌಸ್‌ಕ್ರಾಫ್ಟ್ ತಂಡ ತೋರಿಸಿದ್ದು: ಡೈಯನ್ನು ಫ್ಲಾಸ್ಕಿನಲ್ಲಿ ಪೂರ್ತಿ ಕಟ್ಟಬೇಡಿ, ಗಾಜಿನ ಮೇಲಿನ ಟೈಟಾನಿಯಾ (ಟೈಟಾನಿಯಂ ಡೈಆಕ್ಸೈಡ್) ಪದರದ ಮೇಲೆಯೇ ಕಟ್ಟಿ. ಮೊದಲು ಆಂಕರ್ ಲಿಗ್ಯಾಂಡ್ (ಟೈಟಾನಿಯಾಕ್ಕೆ ಅಂಟಿ ತಾಮ್ರವನ್ನು ಹಿಡಿಯುವ ಅಣು) ಕೂರಿಸುವುದು, ಆಮೇಲೆ ಎರಡೂ ಕಡೆ ಒಂದೇ ಲಿಗ್ಯಾಂಡ್ ಇರುವ ತಾಮ್ರದ ಕಾಂಪ್ಲೆಕ್ಸ್‌ನಲ್ಲಿ ಅದ್ದುವುದು. ಒಂದು ಲಿಗ್ಯಾಂಡ್ ಕಳಚಿ ತಾಮ್ರ ಆಂಕರಿಗೆ ಹಿಡಿದುಕೊಳ್ಳುತ್ತದೆ. ನಾನು ಸೇರಿಸಿದ್ದು ಅಗ್ಗದ ಕಾಂಪ್ಲೆಕ್ಸ್ ತಯಾರಿ ಮತ್ತು ನಮ್ಮ ಕರಾವಳಿಯ ತೇವದ ವಿರುದ್ಧದ ಶಿಸ್ತು.

ಕಾಂಪ್ಲೆಕ್ಸಿಗೆ ಎಲ್ಲರೂ ಟೆಟ್ರಾಕಿಸ್ ಅಸಿಟೋನೈಟ್ರೈಲ್ ತಾಮ್ರದ ಪಿಎಫ್6 (ಹೆಕ್ಸಾಫ್ಲೋರೋಫಾಸ್ಫೇಟ್) ಲವಣದಿಂದ ಹೊರಡುತ್ತಾರೆ. ಕುಪ್ರಸ್ ಆಕ್ಸೈಡಿಗೆ ಹೆಕ್ಸಾಫ್ಲೋರೋಫಾಸ್ಫಾರಿಕ್ ಆಮ್ಲ ಹಾಕಿ ಅದನ್ನು ಎರಡು ಸಲ ಮಾಡಿದೆ. ಮೊದಲ ಸಲ ಬೆಳ್ಳಗಿನ ಹರಳು ಬಂತು, ಡೆಸಿಕೇಟರಿನಲ್ಲಿ ವಾರದೊಳಗೆ ನೀಲಿ ತಿರುಗಿತು. ಎರಡನೆಯ ಸಲ ಶೋಧಿಸುವಾಗಲೇ ನೀಲಿ. ಆ ಆಮ್ಲದಲ್ಲಿ ಎಚ್‌ಎಫ್ (ಚರ್ಮದೊಳಗೆ ಇಳಿದು ಸುಡುವ ಹೈಡ್ರೋಫ್ಲೋರಿಕ್ ಆಮ್ಲ) ಇದ್ದೇ ಇರುತ್ತದೆ, ಆ ಗಾಯಕ್ಕೆ ಹಚ್ಚುವ ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಪಕ್ಕದಲ್ಲಿಲ್ಲದೆ ಬಾಟಲಿ ತೆರೆಯುವ ಹಾಗಿಲ್ಲ. ಆ ದಾರಿಯನ್ನೇ ಬಿಟ್ಟೆ.

ಈಗ ಮಾಡುವುದು ಮೈಲುತುತ್ತಿನಿಂದ. ಅಡಿಕೆ ತೋಟಕ್ಕೆ ಬೋರ್ಡೋ ದ್ರಾವಣ ಮಾಡುವ ಅದೇ ವಸ್ತು, ಆದರೆ ಎಆರ್ (ಪ್ರಯೋಗಾಲಯದ ಶುದ್ಧ) ದರ್ಜೆಯದ್ದು. 250 ಮಿ.ಗ್ರಾಂ ತಾಮ್ರದ ಸಲ್ಫೇಟ್ 10 ಮಿ.ಲೀ. ನೀರಿನಲ್ಲಿ, 435 ಮಿ.ಗ್ರಾಂ ನಿಯೋಕುಪ್ರೋಯಿನ್ ಹೆಮಿಹೈಡ್ರೇಟ್ (ಇದೇ ಲಿಗ್ಯಾಂಡ್) 20 ಮಿ.ಲೀ. ಎಥನಾಲಿನಲ್ಲಿ. ಎರಡನ್ನೂ ಸೇರಿಸಿ, 180 ಮಿ.ಗ್ರಾಂ ಆಸ್ಕಾರ್ಬಿಕ್ ಆಮ್ಲವನ್ನು 5 ಮಿ.ಲೀ. ನೀರಿನಲ್ಲಿ ಕರಗಿಸಿ ಹನಿಹನಿಯಾಗಿ ಬಿಡಬೇಕು. ಮೊದಲ ಹನಿ ಬಿದ್ದ ಜಾಗದಿಂದಲೇ ಕಿತ್ತಳೆ-ಕೆಂಪು ಹೊಗೆಯ ಹಾಗೆ ಹರಡುತ್ತದೆ. ಆ್ಯಂಟಿಆಕ್ಸಿಡೆಂಟ್ ಅಳೆಯುವ ಕ್ಯುಪ್ರಾಕ್ ಪರೀಕ್ಷೆ ಮಾಡಿದವರಿಗೆ ಪರಿಚಯದ ಬಣ್ಣ, ಬೆಳಕು ಹೀರುವುದು 450 ನ್ಯಾನೋಮೀಟರಿನ ಸುತ್ತ. ಹತ್ತು ನಿಮಿಷ ಕಲಕಿ 200 ಮಿ.ಗ್ರಾಂ ಅಮೋನಿಯಂ ಪಿಎಫ್6 ನೀರಿನಲ್ಲಿ ಹಾಕಿದರೆ ಒತ್ತರ (ದ್ರಾವಣದಿಂದ ಬೇರೆಯಾಗುವ ಘನ ಪುಡಿ) ಇಳಿಯುತ್ತದೆ. 550 ಮಿ.ಗ್ರಾಂ ಸಿಗುತ್ತದೆ. ನೈಟ್ರೋಜನ್ ಬೇಡ, ಗ್ಲವ್ ಬಾಕ್ಸ್ ಬೇಡ. ಲಿಗ್ಯಾಂಡಿನ ಎರಡು ಮೀಥೈಲ್‌ಗಳು ತಾಮ್ರ ಚಪ್ಪಟೆಯಾಗಲು ಬಿಡುವುದಿಲ್ಲ, ಚಪ್ಪಟೆಯಾಗದೆ ಅದು ಸುಲಭದಲ್ಲಿ ಎರಡಕ್ಕೆ ಹೋಗುವುದಿಲ್ಲ. ಮೀಥೈಲ್ ಇಲ್ಲದ ಸಾದಾ ಫಿನಾಂತ್ರೋಲಿನ್‌ನಲ್ಲಿ ಮಾಡಿ ನೋಡಿದೆ, ದ್ರಾವಣ ಒಂದು ಸಂಜೆಯೂ ಉಳಿಯಲಿಲ್ಲ.

ಇಲ್ಲಿ ಎರಡು ಕಡೆ ಏಟು ತಿಂದಿದ್ದೇನೆ. ನಿಯೋಕುಪ್ರೋಯಿನ್ ಹೈಡ್ರೋಕ್ಲೋರೈಡ್ ರೂಪದಲ್ಲೂ ಸಿಗುತ್ತದೆ, ಬೆಲೆ ಕಡಿಮೆ ಕಂಡಿತೆಂದು ತಂದರೆ ಆ ಆಮ್ಲವನ್ನು ತಟಸ್ಥ ಮಾಡದೆ ಪೂರ್ತಿ ಕಾಂಪ್ಲೆಕ್ಸ್ ಆಗುವುದಿಲ್ಲ. ಇನ್ನೊಂದು ಹೆಚ್ಚು ಮೋಸದ್ದು. ಒತ್ತರವನ್ನು ಸರಿಯಾಗಿ ತೊಳೆಯದಿದ್ದರೆ ಆಸ್ಕಾರ್ಬಿಕ್ ಆಮ್ಲ ಉಳಿಯುತ್ತದೆ, ಅದು ತಾನೇ ಟೈಟಾನಿಯಾಕ್ಕೆ ಅಂಟಿ ಹಳದಿ-ಕಿತ್ತಳೆ ಬಣ್ಣ ಕೊಡುತ್ತದೆ. ಫಿಲ್ಮ್ ನೋಡಿದರೆ ಡೈ ಹಿಡಿದಂತೆಯೇ ಕಾಣುತ್ತದೆ, ಕರೆಂಟ್ ಮಾತ್ರ ಇಲ್ಲ. ಒಂದೂವರೆ ತಿಂಗಳು ಹೀಗೆ ಹೋಯಿತು. ಈಗ ಪ್ರತಿ ಬ್ಯಾಚಿಗೆ ಆಂಕರ್ ಹಾಕದ ಒಂದು ಖಾಲಿ ಫಿಲ್ಮನ್ನೂ ಅದೇ ಕಾಂಪ್ಲೆಕ್ಸ್ ದ್ರಾವಣದ ಸ್ನಾನಕ್ಕೆ ಇಳಿಸುತ್ತೇನೆ. ತೊಳೆದ ಮೇಲೆ ಅದು ಬೆಳ್ಳಗಿರಬೇಕು. ಬಣ್ಣ ಉಳಿದರೆ ಆ ಕಾಂಪ್ಲೆಕ್ಸನ್ನು ತಣ್ಣೀರಿನಲ್ಲಿ ಮತ್ತೆ ಮೂರು ಸಲ ತೊಳೆಯುತ್ತೇನೆ.

ಆಂಕರ್ ಎಂದರೆ 6,6'-ಡೈಮೀಥೈಲ್ ಬೈಪಿರಿಡೀನಿನ 4,4'-ಡೈಕಾರ್ಬಾಕ್ಸಿಲಿಕ್ ಆಮ್ಲ. ಬಯಾಸಿಟೈಲ್ ಮತ್ತು ಗ್ಲೈಆಕ್ಸಿಲಿಕ್ ಆಮ್ಲದಿಂದ ಹೊರಟು ಕ್ರೋಂಕೆ ವಿಧಾನದಲ್ಲಿ (ಪಿರಿಡೀನ್ ಉಂಗುರ ಕಟ್ಟುವ ಕ್ರಮ) ಮಾಡಬಹುದು. ಇಳುವರಿ ಹೇಳಿಕೊಳ್ಳುವಂಥದ್ದಲ್ಲ, ಆದರೆ ಒಂದು ಫಿಲ್ಮಿಗೆ ಬೇಕಾಗುವುದು ಒಂದು ಚಿಟಿಕೆಗಿಂತ ಕಡಿಮೆ.

ಗಾಜಿನ ವಿಷಯದಲ್ಲಿ ದುಡ್ಡು ಉಳಿಸಲು ಹೋಗಿ ಕಳೆದುಕೊಂಡೆ. ಎಫ್‌ಟಿಒ (ಫ್ಲೋರಿನ್ ಬೆರೆತ ಟಿನ್ ಆಕ್ಸೈಡ್ ಲೇಪದ, ವಿದ್ಯುತ್ ಹರಿಯುವ ಗಾಜು) ಬದಲು ಕಡಿಮೆ ಬೆಲೆಗೆ ಸಿಕ್ಕಿದ ಐಟಿಒ (ಇಂಡಿಯಂ ಟಿನ್ ಆಕ್ಸೈಡ್ ಲೇಪದ್ದು) ತಂದದ್ದು ದೊಡ್ಡ ತಪ್ಪು. 500 ಡಿಗ್ರಿಯಲ್ಲಿ ಸುಟ್ಟು ತೆಗೆದಾಗ ಅದರ ರೋಧ ಮೂರು ನಾಲ್ಕು ಪಟ್ಟು ಏರಿತ್ತು. ಸುಮಾರು ಎಂಟು ಸಾವಿರ ರೂಪಾಯಿಯ ಗಾಜು ಈಗ ತೂಕದ ಕೋಣೆಯ ಕಿಟಕಿಯಲ್ಲಿದೆ. 7–8 ಓಮ್‌ನ ಎಫ್‌ಟಿಒಗೆ ಕೈ ಬಿಚ್ಚಿ ಕೊಡಿ.

ಪೇಸ್ಟ್ ಎಂದರೆ ಪಿ25 (ಟೈಟಾನಿಯಾ ಪುಡಿ), ಎಥೈಲ್ ಸೆಲ್ಯುಲೋಸ್, ಟರ್ಪಿನಿಯಾಲ್. ನೀರು ಮತ್ತು ಅಸಿಟಿಕ್ ಆಮ್ಲದ ಪೇಸ್ಟ್ ಬೇಸಗೆಯಲ್ಲಿ ಚೆನ್ನ, ಜುಲೈಯಲ್ಲಿ ಒಣಗುವುದೇ ಇಲ್ಲ, ಟೇಪಿನ ಅಂಚಿಗೆ ಹರಿದು ಅಲ್ಲಿ ದಪ್ಪವಾಗಿ ಬಿರಿಯುತ್ತದೆ. ಒಂದೇ ಸಲ ದಪ್ಪ ಎಳೆಯಬೇಡಿ. ತೆಳುವಾಗಿ ಮೂರು ಪದರ, ಪ್ರತಿ ಪದರಕ್ಕೂ 125 ಡಿಗ್ರಿಯಲ್ಲಿ ಆರು ನಿಮಿಷ. ಒಟ್ಟು 12 ಮೈಕ್ರಾನ್, ಮೇಲೆ ದೊಡ್ಡ ಕಣದ 4 ಮೈಕ್ರಾನ್ ಚದುರಿಸುವ ಪದರ. ತಾಮ್ರದ ಡೈ ಬೆಳಕನ್ನು ಹೀರುವುದು ರುಥೇನಿಯಂ ಡೈಯ ಅರ್ಧದಷ್ಟು, ಅದೂ ನೀಲಿ-ಹಸಿರಿನ ಕಡೆ ಮಾತ್ರ. ಹಾಗಾಗಿ ಈ ಮೇಲಿನ ಪದರ ಬಿಟ್ಟರೆ ಕರೆಂಟ್ ಕಾಲುಭಾಗ ಇಳಿಯುತ್ತದೆ. ಸುಡುವುದು ಮಾಮೂಲಿಯಂತೆ 325, 375, 450, 500. ನಂತರ 40 ಮಿಲಿಮೋಲಾರ್ ಟೈಟಾನಿಯಂ ಟೆಟ್ರಾಕ್ಲೋರೈಡಿನಲ್ಲಿ 70 ಡಿಗ್ರಿಗೆ ಅರ್ಧ ಗಂಟೆ, ಮತ್ತೆ 500.

ಕರಾವಳಿಯವರು ಗೆಲ್ಲುವುದೂ ಸೋಲುವುದೂ ಇದರ ನಂತರದ ಎರಡು ನಿಮಿಷದಲ್ಲಿ. ಫರ್ನೇಸಿನಿಂದ ತೆಗೆದ ಫಿಲ್ಮ್ ಪೂರ್ತಿ ತಣಿಯಲು ಬಿಟ್ಟರೆ ನಮ್ಮ ಗಾಳಿಯ ನೀರನ್ನೆಲ್ಲ ಕುಡಿಯುತ್ತದೆ, ಆಂಕರ್ ಕೂರುವ ಜಾಗದಲ್ಲಿ ನೀರು ಕೂತಿರುತ್ತದೆ. ಬಣ್ಣ ಚುಕ್ಕೆ ಚುಕ್ಕೆಯಾಗಿ ಹಿಡಿಯುವುದು ಅದರಿಂದಲೇ. 80 ಡಿಗ್ರಿ ಇರುವಾಗಲೇ ನೇರ ಆಂಕರ್ ದ್ರಾವಣಕ್ಕೆ ಇಳಿಸಬೇಕು. ದ್ರಾವಣ 1 ಮಿಲಿಮೋಲಾರ್, ಡಿಎಂಎಸ್‌ಒ (ಡೈಮೀಥೈಲ್ ಸಲ್ಫಾಕ್ಸೈಡ್) ದ್ರಾವಕದಲ್ಲಿ, 24 ಗಂಟೆ. ಡಿಎಂಎಸ್‌ಒ ಸಹ ನೀರು ಎಳೆಯುವುದೇ, ಮಾಲಿಕ್ಯುಲರ್ ಸೀವ್ (ನೀರು ಹೀರುವ ಗುಳಿಗೆ) ಮೇಲೆ ಇಟ್ಟು, ಬಳಸುವ ಮುಂಚೆ ಶೋಧಿಸಿ. ಇಲ್ಲದಿದ್ದರೆ ಸೀವಿನ ಧೂಳು ಫಿಲ್ಮಿನ ಮೇಲೆ ಕೂರುತ್ತದೆ. ಡ್ರೈ ರೂಮ್ ನಮಗೆಲ್ಲಿ? ರಬ್ಬರ್ ವಾಷರಿನ ಪ್ಲಾಸ್ಟಿಕ್ ಡಬ್ಬ, ಒಳಗೆ ಅರ್ಧ ಕಿಲೋ ನೀಲಿ ಸಿಲಿಕಾ ಜೆಲ್, ಮುನ್ನೂರು ರೂಪಾಯಿಯ ತೇವಮಾಪಕ. ಹೊರಗೆ 90 ಇರುವಾಗ ಒಳಗೆ 25–30 ನಿಲ್ಲುತ್ತದೆ. ಎಲ್ಲ ಸ್ನಾನಗಳೂ ಆ ಡಬ್ಬದೊಳಗೆ, ಕತ್ತಲಲ್ಲಿ.

ಡಿಎಂಎಸ್‌ಒ, ಎಥನಾಲ್ ಎರಡರಲ್ಲೂ ತೊಳೆದು, ಬಿಸಿಗಾಳಿಗೆ ಒಣಗಿಸಿ, 0.1 ಮಿಲಿಮೋಲಾರ್ ಕಾಂಪ್ಲೆಕ್ಸ್ ದ್ರಾವಣದಲ್ಲಿ ಮೂರು ದಿನ. ಬರೀ ಅಸಿಟೋನಿನಲ್ಲೂ ಆಗುತ್ತದೆ. ನಾನು ಅಸಿಟೋನಿಗೆ ಇನ್ನೊಂದು ದ್ರಾವಕ ಬೆರೆಸುತ್ತೇನೆ, ಅದರಿಂದ ಮೂರು ದಿನದ ಕೆಲಸ ಒಂದೂವರೆ ದಿನಕ್ಕೆ ಇಳಿದಿದೆ. ಯಾವುದು, ಎಷ್ಟು ಎಂಬುದನ್ನು ಪ್ರಬಂಧ ಹೊರಬರುವ ತನಕ ಹೇಳುವುದಿಲ್ಲ.

ಎರಡು ಗಾಜಿನ ನಡುವೆ ತುಂಬುವ ಎಲೆಕ್ಟ್ರೋಲೈಟಿನಲ್ಲಿ ಅಸಿಟೋನೈಟ್ರೈಲ್ ಬೇಡವೇ ಬೇಡ. 82 ಡಿಗ್ರಿಗೆ ಕುದಿಯುವ ದ್ರಾವಕ ನಮ್ಮ ಏಪ್ರಿಲ್ ಬಿಸಿಲಿಗೆ ಸೀಲ್ ತಳ್ಳಿಕೊಂಡು ಹೋಗುತ್ತದೆ. 3-ಮೀಥಾಕ್ಸಿಪ್ರೊಪಿಯೋನೈಟ್ರೈಲಿನಲ್ಲಿ ಲಿಥಿಯಂ ಅಯೋಡೈಡ್ 0.1, ಅಯೋಡಿನ್ 0.05, ಮೀಥೈಲ್ ಬೆಂಜಿಮಿಡಜೋಲ್ 0.5, ಬ್ಯೂಟೈಲ್ ಮೀಥೈಲ್ ಇಮಿಡಜೋಲಿಯಂ ಅಯೋಡೈಡ್ 0.6 ಮೋಲಾರ್. ರುಥೇನಿಯಂ ಅಭ್ಯಾಸದಲ್ಲಿ ಟರ್ಟ್-ಬ್ಯೂಟೈಲ್ ಪಿರಿಡೀನ್ ಧಾರಾಳ ಹಾಕಿದ ಬ್ಯಾಚಿನಲ್ಲಿ ಒಂದು ವಾರಕ್ಕೆ ಫಿಲ್ಮ್ ಬಿಳಿಚಿತು, ಎಲೆಕ್ಟ್ರೋಲೈಟ್ ತಾಮ್ರವನ್ನು ಕಿತ್ತುಕೊಂಡಿತ್ತು.

ನಡುವೆ ತಾಮ್ರದ ಬದಲು ಪುನರ್ಪುಳಿ (ಕೋಕಂ) ಸಿಪ್ಪೆಯ ಬಣ್ಣವನ್ನೂ ನೋಡಿದೆ. ಒಣ ಸಿಪ್ಪೆಯ ಎಥನಾಲ್ ಸಾರದಲ್ಲಿ ಫಿಲ್ಮ್ ಇಳಿಸಿದರೆ ಸಾರದ ಕೆಂಪು ಟೈಟಾನಿಯಾದ ಮೇಲೆ ನೇರಳೆಯಾಗುತ್ತದೆ, ಸಿಪ್ಪೆಯ ಬಣ್ಣದ ಅಣು ಸಯನಿಡಿನ್ ಹಿಡಿದ ಗುರುತು. ನೋಡಲು ಬಹಳ ಚೆಂದ. ಆದರೆ ಶೇ. 0.3 ದಾಟಲಿಲ್ಲ. ಸಿಪ್ಪೆಯ ಹೈಡ್ರಾಕ್ಸಿಸಿಟ್ರಿಕ್ ಆಮ್ಲವೂ ಅದೇ ಜಾಗಕ್ಕೆ ಸ್ಪರ್ಧಿಸುತ್ತದೆ ಎಂಬುದು ನನ್ನ ಲೆಕ್ಕ. ಬಸಳೆ ಹಣ್ಣಿನ ಬಣ್ಣ ಎರಡೇ ದಿನ ಬಾಳಿತು.

ಸೀಲಿಗೆ 25 ಮೈಕ್ರಾನ್ ಸರ್ಲಿನ್ (ಬಿಸಿಗೆ ಅಂಟುವ ಪ್ಲಾಸ್ಟಿಕ್ ಹಾಳೆ), 110 ಡಿಗ್ರಿಯಲ್ಲಿ ಒತ್ತಬೇಕು. ಅಳೆಯುವಾಗ ಕಪ್ಪು ಮಾಸ್ಕ್ ಕಡ್ಡಾಯ, ಕಿಂಡಿ 0.16 ಚದರ ಸೆಂ.ಮೀ. ಮಾಸ್ಕ್ ತೆಗೆದು ಅಳೆದರೆ ನನ್ನ 1.4 ಸಲೀಸಾಗಿ 1.8 ಆಗುತ್ತದೆ, ಆ ಅಂಕಿ ಬರೆಯುವುದು ಸುಳ್ಳು ಬರೆದಂತೆ. ಫಿಲ್ ಫ್ಯಾಕ್ಟರ್ ಇದ್ದಕ್ಕಿದ್ದಂತೆ 0.68ರಿಂದ 0.55ಕ್ಕೆ ಬಿದ್ದರೆ ಡೈಯನ್ನು ದೂರುವ ಮೊದಲು ಮೊಸಳೆ ಕ್ಲಿಪ್ ನೋಡಿ. ಉಪ್ಪುಗಾಳಿಗೆ ಅದರ ಹಲ್ಲಿನೊಳಗೆ ತುಕ್ಕು ಹಿಡಿದಿರುತ್ತದೆ. ನಾನು ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಕ್ಲಿಪ್ ಬದಲಿಸುತ್ತೇನೆ, ಗಾಜಿನ ಅಂಚಿಗೆ ಬೆಳ್ಳಿ ಪೇಂಟ್ ಹಚ್ಚಿ, ಒಣಗಿದ ಮೇಲೆ ಕ್ಲಿಪ್ ಕಚ್ಚುವಷ್ಟು ಜಾಗ ಬಿಟ್ಟು ಉಳಿದದ್ದಕ್ಕೆ ಎಪಾಕ್ಸಿ ಬಳಿಯುತ್ತೇನೆ.