ಕಾಲಿಗೆ ಸಿಕ್ಕಿದ ಸುಕ್ಕು, ಲೆಕ್ಕಕ್ಕೆ ಸಿಗಲಿಲ್ಲ

ಮಳೆಗಾಲ ಶುರುವಾದರೆ ಗೋವಾದ ಕೋಲ್ವಾದಲ್ಲಿ ಕಡಲ ದಂಡೆ ಸವೆಯುತ್ತದೆ. ಮಳೆ ನಿಂತ ಮೇಲೆ ಮರಳು ಮೆಲ್ಲಗೆ ವಾಪಸ್ ಬರುತ್ತದೆ. ಕುಮಟಾದಲ್ಲಿ ಬೆಳೆದ ನನಗೆ ಇದು ಹೊಸದಲ್ಲ. ಕೆಲಸಕ್ಕೆಂದು ಮಡಗಾಂವ್‌ಗೆ ಬಂದ ಮೇಲೆ, ಇದನ್ನು ಲೆಕ್ಕದಲ್ಲಿ ಹಿಡಿಯಬೇಕು ಅನ್ನಿಸಿತು. ಅಲೆ ಮರಳನ್ನು ಯಾವ ಕಡೆಗೆ ಒಯ್ಯುತ್ತದೆ ಎಂದು ಲೆಕ್ಕ ಹಾಕುವ ಸಣ್ಣ ಕಂಪ್ಯೂಟರ್ ಮಾಡೆಲ್ ಒಂದನ್ನು ಪೈಥಾನ್‌ನಲ್ಲಿ ಬರೆದೆ.

5 ಮೀಟರ್ ಆಳ, 1 ಮೀಟರ್ ಎತ್ತರದ ಅಲೆ, 8 ಸೆಕೆಂಡಿಗೊಂದು. ಇಷ್ಟಕ್ಕೇ ತಳದ ನೀರು ಸೆಕೆಂಡಿಗೆ ಸುಮಾರು 0.6 ಮೀಟರ್ ವೇಗದಲ್ಲಿ ದಡಕ್ಕೂ ಕಡಲಿಗೂ ಓಡಾಡುತ್ತದೆ. ನೀರಿನ ಎಳೆತ ಎಷ್ಟು, ಮರಳಿನ ಕಾಳಿನ ತೂಕ ಎಷ್ಟು ಎಂದು ಹೋಲಿಸುವ ಅಳತೆಯೊಂದನ್ನು ಎಂಜಿನಿಯರ್ ಆಲ್ಬರ್ಟ್ ಶೀಲ್ಡ್ಸ್ 1936ರಲ್ಲಿ ಕೊಟ್ಟರು. ಅದು ಸುಮಾರು 0.05 ದಾಟಿದರೆ ಮರಳು ಕದಲುತ್ತದೆ. 0.2 ಮಿಲಿಮೀಟರ್ ಕಾಳಿಗೆ ನನಗೆ ಬಂದದ್ದು 0.5. ಅಂದರೆ ಹತ್ತು ಪಟ್ಟು!

ಕದಲುವುದೇನೋ ಸರಿ, ಯಾವ ಕಡೆಗೆ? ಆಳ ಕಡಿಮೆಯಾದ ಹಾಗೆ ಅಲೆಯ ತಲೆ ಚೂಪಾಗುತ್ತದೆ. ದಡದ ಕಡೆಯ ನೂಕು ಸ್ವಲ್ಪ ಹೊತ್ತಿನದು, ಆದರೆ ಜೋರಿನದು. ವಾಪಸ್ ಹೋಗುವುದು ನಿಧಾನ. ಹಾಗಾಗಿ ನನ್ನ ಮಾಡೆಲ್‌ನಲ್ಲಿ ಮರಳು ಯಾವಾಗಲೂ ದಡಕ್ಕೇ ಬಂತು. ಜುಲೈನಲ್ಲೂ ಕೋಲ್ವಾ ಬೆಳೆಯಿತು! ಅಲೆ ಒಡೆಯುವ ಕಡೆ ತಳದಲ್ಲಿ ಕಡಲಿಗೆ ಹರಿಯುವ ಸೆಳೆತವನ್ನು ಸೇರಿಸಿದೆ. ಮಳೆಗಾಲ ಸ್ವಲ್ಪ ದಾರಿಗೆ ಬಂತು. ಅಲೆ ಒಡೆಯದ ಆಳದಲ್ಲಿ ಮಾತ್ರ ಅದೇ ಹಾಡು.

ಕಾರವಾರದ ಗೆಳೆಯನೊಬ್ಬ ಇಲ್ಲೇ ಕಾಲೇಜಿನಲ್ಲಿ ಪಾಠ ಮಾಡುತ್ತಾನೆ. ಅಲ್ಲಿ ಅಲೆ ಎಬ್ಬಿಸುವ ಗಾಜಿನ ತೊಟ್ಟಿ ಇದೆ. ಒಂದು ಶನಿವಾರ ತಳಕ್ಕೆ ಮರಳು ಹರಡಿ ಅಲೆ ಬಿಟ್ಟೆವು. ಸ್ವಲ್ಪ ಹೊತ್ತಿಗೆ ಮರಳು ಸುಕ್ಕುಗಟ್ಟಿತು.

“ಅಲೆ ನೋಡಬೇಡ ಮಾರಾಯ, ಸುಕ್ಕಿನ ಹಿಂದೆ ನೋಡು,” ಅಂದ.

ನೀರು ದಡದ ಕಡೆ ನುಗ್ಗಿದಾಗ ಪ್ರತಿ ಸುಕ್ಕಿನ ಮರೆಯಲ್ಲೂ ಒಂದು ಸುಳಿ ಎದ್ದಿತು. ಅದರ ತುಂಬ ಮರಳು. ಆದರೆ ಆ ಮರಳು ಮುಂದೆ ಹೋಗಲಿಲ್ಲ. ನೀರು ತಿರುಗುವ ಕ್ಷಣಕ್ಕೆ ಸುಳಿ ಮೇಲಕ್ಕೆ ಚಿಮ್ಮಿತು, ಕಡಲಿನ ಕಡೆ ಹೊರಟ ನೀರು ಆ ಮೋಡವನ್ನು ಹೊತ್ತೊಯ್ದಿತು. ದಡದ ಕಡೆಯ ನೂಕು ಜೋರಾದಷ್ಟೂ ಕಡಲಿಗೆ ಹೋಗುವ ಮರಳು ಜಾಸ್ತಿ! ಅಲ್ಲೇ ಕುಕ್ಕರಗಾಲಿನಲ್ಲಿ ಎಷ್ಟು ಹೊತ್ತು ಕೂತಿದ್ದೆನೋ. ಮರಳಿನ ಓಡಾಟವನ್ನು ಅಧ್ಯಯನ ಮಾಡಿದ ಬ್ಯಾಗ್ನೋಲ್ಡ್ 1946ರಲ್ಲೇ ಈ ಸುಳಿಗಳ ಬಗ್ಗೆ ಬರೆದಿದ್ದರು. ನಾನೂ ಓದಿದ್ದೆ. ಚಿಕ್ಕಂದಿನಿಂದ ಈ ಸುಕ್ಕುಗಳನ್ನು ತುಳಿದುಕೊಂಡೇ ನಡೆದಿದ್ದೇನೆ, ಅಲ್ವಾ? ಆದರೂ ಮಾಡೆಲ್‌ನಲ್ಲಿ ತಳವನ್ನು ಸಪಾಟಾಗಿಯೇ ಇಟ್ಟಿದ್ದೆ.

ಆಮೇಲೆ ಆ ಭಾಗವನ್ನು ಬಿಚ್ಚಿ ಬರೆದೆ. ಅಲೆಯ ಎರಡು ಅರ್ಧಗಳನ್ನು ಬೇರೆ ಮಾಡಿದೆ. ಮೊದಲ ಅರ್ಧದಲ್ಲಿ ಎದ್ದ ಮರಳಲ್ಲಿ ಒಂದು ಪಾಲು ಆಗಲೇ ಸಾಗುತ್ತದೆ, ಉಳಿದದ್ದು ಮುಂದಿನ ಅರ್ಧದ ಕೈಗೆ ಸಿಗುತ್ತದೆ. ದಿಬಾಜ್ನಿಯಾ ಮತ್ತು ವಾತಾನಾಬೆ ಎಂಬ ಸಂಶೋಧಕರು 1992ರಲ್ಲಿ ತೋರಿಸಿದ ದಾರಿ ಇದು. ಎಷ್ಟು ಪಾಲು ಉಳಿಯುತ್ತದೆ ಎಂಬುದು ಮರಳು ಎಷ್ಟು ಎತ್ತರಕ್ಕೆ ಏಳುತ್ತದೆ, ಎಷ್ಟು ಬೇಗ ಕೆಳಗಿಳಿಯುತ್ತದೆ ಎಂಬುದರ ಮೇಲೆ ನಿಂತಿದೆ. ಸಣ್ಣ ಕಾಳು ನಿಧಾನವಾಗಿ ಇಳಿಯುತ್ತದೆ, ಹಾಗಾಗಿ ಅದೇ ಜಾಸ್ತಿ ಹಿಂದಕ್ಕೆ ಹೋಗುತ್ತದೆ. ಹೀಗೆ ಬರೆದ ಮೇಲೆ 5 ಮೀಟರ್ ಆಳದಲ್ಲಿ ಮರಳಿನ ದಿಕ್ಕೇ ತಿರುಗಿತು.

ಈಗ ಸುಕ್ಕಿನ ಎತ್ತರವನ್ನು ಸೂತ್ರದಿಂದ ಹಾಕುತ್ತಿದ್ದೇನೆ. ಅದು ನನಗೆ ಸಮಾಧಾನವಿಲ್ಲ. ಭಾನುವಾರ ಇಳಿತದ ಹೊತ್ತಿಗೆ ಸ್ಕೇಲ್ ಹಿಡಿದು ಸೊಂಟದ ನೀರಿಗೆ ಇಳಿಯುತ್ತೇನೆ, ಕೈಯಿಂದ ತಡವಿ ಅಳೆಯುತ್ತೇನೆ. ಮಳೆ ಬರುವ ಮುಂಚೆ ಇನ್ನೂ ನಾಲ್ಕು ಭಾನುವಾರಗಳಿವೆ.