ಔಷಧದ ಡೋಸ್ ಲೆಕ್ಕ: ಮೊದಲು ಅಂದಾಜು, ಆಮೇಲೆ ಗುಣಾಕಾರ

ವಾರ್ಡಿಗೆ ಹೊಸದಾಗಿ ಬಂದ ನರ್ಸ್‌ಗಳಲ್ಲಿ ಅನೇಕರಿಗೆ ಡೋಸ್ ಲೆಕ್ಕವೆಂದರೆ ಅಳುಕು. ನಿಜ ಹೇಳಬೇಕೆಂದರೆ, ಇದಕ್ಕೆ ಬೇಕಾಗುವ ಗಣಿತ ಶಾಲೆಯಲ್ಲಿ ಕಲಿತ ಗುಣಾಕಾರ, ಭಾಗಾಕಾರಗಳನ್ನು ಮೀರುವುದಿಲ್ಲ. ಅಪಾಯವಿರುವುದು ಗುಣಿಸುವುದಕ್ಕೆ ಮುಂಚಿನ ಓದಿನಲ್ಲಿ: ಮೈಕ್ರೋಗ್ರಾಂ ಎಂದಿರುವುದನ್ನು ಮಿಲಿಗ್ರಾಂ ಎಂದು ಓದುವುದು, ವಯಲ್‌ನಲ್ಲಿರುವ ಒಟ್ಟು ಔಷಧವನ್ನು ಒಂದು ಮಿಲಿಲೀಟರಿನದೆಂದು ತಿಳಿಯುವುದು, ಪಕ್ಕದ ಹಾಸಿಗೆಯ ರೋಗಿಯ ತೂಕವನ್ನು ಬಳಸುವುದು. ಓದೇ ತಪ್ಪಿದ ಮೇಲೆ ಕ್ಯಾಲ್ಕುಲೇಟರ್ ಎಷ್ಟು ನಿಖರವಾಗಿ ಗುಣಿಸಿದರೂ ಪ್ರಯೋಜನವಿಲ್ಲ. ಆದ್ದರಿಂದ ಉತ್ತರ ಸುಮಾರು ಎಷ್ಟಿರಬೇಕೆಂದು ಮೊದಲು ಮನಸ್ಸಿನಲ್ಲೇ ಅಂದಾಜು ಮಾಡಿ, ಅನಂತರ ಕಾಗದದ ಮೇಲೆ ಲೆಕ್ಕ ಹಾಕಿ, ಎರಡನ್ನೂ ಹೋಲಿಸಿ ನೋಡುವ ರೂಢಿಯನ್ನು ಮೊದಲ ದಿನದಿಂದಲೇ ಬೆಳೆಸಿಕೊಳ್ಳಬೇಕು. ಇಲ್ಲಿನ ಉದಾಹರಣೆಗಳು ವಿಧಾನವನ್ನು ತೋರಿಸುವುದಕ್ಕಾಗಿ ಮಾತ್ರ. ರೋಗಿಗೆ ಕೊಡುವ ಡೋಸನ್ನು ವೈದ್ಯರ ಆದೇಶ, ಔಷಧದ ಮಾಹಿತಿ ಪತ್ರ ಮತ್ತು ಆಸ್ಪತ್ರೆಯ ನಿಯಮಗಳೇ ನಿರ್ಧರಿಸಬೇಕು.

ಆದೇಶದ ಓದು

ಔಷಧದ ಹೆಸರು, ಪ್ರಮಾಣ, ಅದರ ಮಾನ, ಕೊಡುವ ಮಾರ್ಗ ಮತ್ತು ಎಷ್ಟು ಹೊತ್ತಿಗೊಮ್ಮೆ ಎಂಬ ವಿವರಗಳಲ್ಲಿ ಒಂದು ಇಲ್ಲದಿದ್ದರೂ ಆದೇಶ ಅಪೂರ್ಣ. ಅಕ್ಷರ ಅಸ್ಪಷ್ಟವಾಗಿದ್ದರೆ ಪಕ್ಕದಲ್ಲಿರುವ ಸಹೋದ್ಯೋಗಿಯನ್ನು 'ಇದೇನಿರಬಹುದು' ಎಂದು ಕೇಳಿ ಪ್ರಯೋಜನವಿಲ್ಲ, ಬರೆದವರನ್ನೇ ಕೇಳಬೇಕು. ಸೊನ್ನೆ ಮತ್ತು ಬಿಂದುಗಳ ಬಗ್ಗೆ ವಿಶೇಷ ಎಚ್ಚರ ಬೇಕು. ಅರ್ಧ ಮಿಲಿಗ್ರಾಮನ್ನು ಮುಂದೆ ಸೊನ್ನೆಯಿಲ್ಲದೆ .5 ಎಂದು ಬರೆದರೆ ಬಿಂದು ಕಣ್ತಪ್ಪಿ 5 ಆಗುತ್ತದೆ. 5 ಎಂದು ಬರೆಯುವಲ್ಲಿ 5.0 ಎಂದರೆ ಅದು 50 ಆಗುತ್ತದೆ. ಯೂನಿಟ್ ಎಂಬುದನ್ನು ಇಂಗ್ಲಿಷಿನ ಯು ಅಕ್ಷರವೊಂದರಿಂದಲೇ ಸೂಚಿಸಿದರೆ ಅದು ಸೊನ್ನೆಯಂತೆ ಕಾಣಿಸಿ, 4 ಯೂನಿಟ್ 40 ಆಗಿಬಿಡಬಹುದು. ಫೋನಿನಲ್ಲಿ ಬಂದ ಆದೇಶವನ್ನು ಮೊದಲು ಬರೆದುಕೊಂಡು, ಬರೆದದ್ದನ್ನು ಅವರಿಗೇ ಓದಿ ಹೇಳಿ, ಸರಿ ಎನ್ನಿಸಿಕೊಂಡ ಮೇಲೆ ಮುಂದುವರಿಯಬೇಕು. ಇಂಗ್ಲಿಷಿನಲ್ಲಿ ಒಂದೇ ಬಗೆಯಾಗಿ ಕೇಳಿಸುವ ಹದಿನೈದು (ಫಿಫ್ಟೀನ್) ಮತ್ತು ಐವತ್ತರಂತಹ (ಫಿಫ್ಟಿ) ಸಂಖ್ಯೆಗಳನ್ನು 'ಒಂದು, ಐದು' ಎಂದು ಅಂಕಿ ಬಿಡಿಸಿ ಹೇಳಿದರೆ ಇನ್ನೂ ಒಳ್ಳೆಯದು.

ಮೂಲ ಸೂತ್ರ

ಆದೇಶದಲ್ಲಿರುವ ಮಾನವೂ ಲೇಬಲ್ ಮೇಲಿನ ಮಾನವೂ ಒಂದೇ ಆಗುವವರೆಗೆ ಲೆಕ್ಕ ಆರಂಭಿಸಬಾರದು. 1 ಗ್ರಾಂ ಎಂದರೆ 1000 ಮಿ.ಗ್ರಾಂ, 1 ಮಿ.ಗ್ರಾಂ ಎಂದರೆ 1000 ಮೈಕ್ರೋಗ್ರಾಂ. ಹೀಗಾಗಿ 0.25 ಮಿ.ಗ್ರಾಂ ಡಿಗಾಕ್ಸಿನ್ ಮತ್ತು 250 ಮೈಕ್ರೋಗ್ರಾಂ ಡಿಗಾಕ್ಸಿನ್ ಒಂದೇ. ಶೇಕಡಾವಾರು ಬರೆದಿರುವ ದ್ರಾವಣಗಳಲ್ಲಿ 1 ಶೇಕಡಾ ಎಂದರೆ 100 ಮಿ.ಲೀ.ಗೆ 1 ಗ್ರಾಂ, ಅಂದರೆ ಪ್ರತಿ ಮಿ.ಲೀ.ಗೆ 10 ಮಿ.ಗ್ರಾಂ, 2 ಶೇಕಡಾ ಲಿಗ್ನೋಕೇಯ್ನ್‌ನ ಪ್ರತಿ ಮಿ.ಲೀ.ನಲ್ಲಿ 20 ಮಿ.ಗ್ರಾಂ ಇರುತ್ತದೆ. ಅಡ್ರಿನಲಿನ್ ಲೇಬಲ್ ಮೇಲಿನ 1:1000 ಎಂದರೆ ಪ್ರತಿ ಮಿ.ಲೀ.ಗೆ 1 ಮಿ.ಗ್ರಾಂ, 1:10000 ಎಂದರೆ 0.1 ಮಿ.ಗ್ರಾಂ. ದೊಡ್ಡ ಸಂಖ್ಯೆ ಇರುವುದೇ ತೆಳುವಾದ ದ್ರಾವಣ ಎಂಬುದು ತುರ್ತಿನ ಗದ್ದಲದಲ್ಲಿ ಸುಲಭವಾಗಿ ಮರೆತುಹೋಗುತ್ತದೆ.

ಬೇಕಾದ ಪ್ರಮಾಣವನ್ನು ಕೈಯಲ್ಲಿರುವ ಪ್ರಮಾಣದಿಂದ ಭಾಗಿಸಿ, ಆ ಪ್ರಮಾಣ ಎಷ್ಟು ಮಿ.ಲೀ.ನಲ್ಲಿದೆಯೋ ಅದರಿಂದ ಗುಣಿಸುವುದೇ ಮೂಲ ಸೂತ್ರ. 60 ಮಿ.ಗ್ರಾಂ ಜೆಂಟಾಮೈಸಿನ್ ಕೊಡಬೇಕಿದೆ, ಆಂಪೂಲ್ ಮೇಲೆ 2 ಮಿ.ಲೀ.ನಲ್ಲಿ 80 ಮಿ.ಗ್ರಾಂ ಎಂದಿದೆ ಎಂದುಕೊಳ್ಳೋಣ. ಬೇಕಾದದ್ದು 80ಕ್ಕಿಂತ ಕಡಿಮೆ, ಅದರ ಅರ್ಧವಾದ 40ಕ್ಕಿಂತ ಹೆಚ್ಚು. ಹಾಗಾದರೆ ಉತ್ತರ 1 ಮತ್ತು 2 ಮಿ.ಲೀ.ಗಳ ನಡುವೆ ಇರಲೇಬೇಕು. ಇದು ಅಂದಾಜು. ಲೆಕ್ಕ ಹಾಕಿದರೆ 60 ÷ 80 × 2 = 1.5 ಮಿ.ಲೀ. ಆತುರದಲ್ಲಿ 80 ಅನ್ನು 60ರಿಂದ ಭಾಗಿಸಿ 2ರಿಂದ ಗುಣಿಸಿದವರಿಗೆ 2.67 ಬರುತ್ತದೆ, ಅಂದಾಜು ಮಾಡಿಕೊಂಡವರು ಅಲ್ಲಿಯೇ ನಿಲ್ಲುತ್ತಾರೆ, ಮಾಡಿಕೊಳ್ಳದವರು ಎರಡನೆಯ ಆಂಪೂಲ್ ಒಡೆಯುತ್ತಾರೆ. ಒಂದೇ ಡೋಸಿಗೆ ಹಲವು ಆಂಪೂಲ್‌ಗಳೋ ಮೂರು ನಾಲ್ಕು ಮಾತ್ರೆಗಳೋ ಬೇಕಾಗುವ ಸಂದರ್ಭ ಬಂದರೆ, ಲೆಕ್ಕವನ್ನು ಮತ್ತೆ ಮೊದಲಿನಿಂದ ನೋಡುವುದು ಕ್ಷೇಮ.

ಮಕ್ಕಳು, ಪುಡಿ ವಯಲ್‌ಗಳು

ಮಕ್ಕಳ ಡೋಸ್ ತೂಕವನ್ನು ಅವಲಂಬಿಸಿರುವುದರಿಂದ ತೂಕ ಇತ್ತೀಚಿನದಾಗಿರಬೇಕು ಮತ್ತು ಕಿಲೋಗ್ರಾಂನಲ್ಲಿರಬೇಕು. ಪೌಂಡಿನಲ್ಲಿ ಬರೆದ ತೂಕವನ್ನು ಕಿಲೋ ಎಂದು ತಿಳಿದರೆ ಡೋಸ್ ಎರಡು ಪಟ್ಟಿಗಿಂತ ಹೆಚ್ಚಾಗುತ್ತದೆ. 12 ಕೆ.ಜಿ. ತೂಗುವ ಮಗುವಿಗೆ ಪ್ರತಿ ಕಿಲೋಗೆ 15 ಮಿ.ಗ್ರಾಂನಂತೆ ಪ್ಯಾರಾಸಿಟಮಾಲ್ ಬರೆದಿದ್ದರೆ ಬೇಕಾದದ್ದು 180 ಮಿ.ಗ್ರಾಂ. ಇಲ್ಲಿಯವರೆಗೆ ಯಾರೂ ಎಡವುವುದಿಲ್ಲ. ಎಡವುವುದು ಬಾಟಲಿ ಕೈಗೆತ್ತಿಕೊಂಡಾಗ. 5 ಮಿ.ಲೀ.ನಲ್ಲಿ 120 ಮಿ.ಗ್ರಾಂ ಇರುವ ಸಿರಪ್ ಆದರೆ 7.5 ಮಿ.ಲೀ.; 5 ಮಿ.ಲೀ.ನಲ್ಲಿ 250 ಮಿ.ಗ್ರಾಂ ಇರುವುದಾದರೆ 3.6 ಮಿ.ಲೀ.; ಪ್ರತಿ ಮಿ.ಲೀ.ನಲ್ಲಿ 100 ಮಿ.ಗ್ರಾಂ ಇರುವ ಹನಿ ಔಷಧವಾದರೆ 1.8 ಮಿ.ಲೀ. ಮಗು ಅದೇ, ಔಷಧ ಅದೇ, ಅಳತೆ ಮಾತ್ರ ಮೂರು ಬಗೆ. ಹನಿ ಔಷಧವನ್ನು ಸಿರಪ್ಪಿನಂತೆ 7.5 ಮಿ.ಲೀ. ಕುಡಿಸಿದರೆ 750 ಮಿ.ಗ್ರಾಂ, ಅಂದರೆ ನಾಲ್ಕು ಪಟ್ಟಿಗೂ ಮೀರಿ ಹೋದಂತಾಯಿತು. ಆದ್ದರಿಂದ ಮನೆಗೆ ಹೋಗುವ ತಾಯಂದಿರಿಗೆ 'ಇಷ್ಟು ಮಿ.ಲೀ. ಕೊಡಿ' ಎಂದಷ್ಟೇ ಹೇಳದೆ, ಯಾವ ಬಾಟಲಿಯಿಂದ ಎಂಬುದನ್ನೂ ಹೇಳಿ, ಅಡುಗೆಮನೆಯ ಚಮಚದ ಬದಲು ಅಳತೆಯ ಸಿರಿಂಜಿನಲ್ಲೇ ತೋರಿಸಬೇಕು. ಪ್ರಾಯಕ್ಕೆ ಬರುತ್ತಿರುವ, ತೂಕ ಹೆಚ್ಚಿರುವ ಮಕ್ಕಳಲ್ಲಿ ತೂಕದ ಲೆಕ್ಕ ವಯಸ್ಕರ ಗರಿಷ್ಠ ಡೋಸನ್ನು ದಾಟಿಬಿಡಬಹುದು. ಆಗ ಆದೇಶ ಬರೆದವರ ಗಮನಕ್ಕೆ ತರಬೇಕು.

ಪುಡಿಯ ರೂಪದ ಔಷಧಕ್ಕೆ ದ್ರಾವಕ ಸೇರಿಸಿದಾಗ ಪುಡಿಯೂ ಜಾಗ ಹಿಡಿಯುತ್ತದೆ. 1 ಗ್ರಾಂ ಸೆಫ್ಟ್ರಯಾಕ್ಸೋನ್‌ಗೆ 9.6 ಮಿ.ಲೀ. ದ್ರಾವಕ ಸೇರಿಸಿದರೆ ಪ್ರತಿ ಮಿ.ಲೀ.ಗೆ 100 ಮಿ.ಗ್ರಾಂ ಸಿಗುವುದು ಇದೇ ಕಾರಣಕ್ಕೆ. ಇಡೀ ವಯಲ್ ಕೊಡುವಾಗ ಇದರಿಂದ ವ್ಯತ್ಯಾಸವಾಗದು. ಅದರಲ್ಲಿ ಒಂದು ಭಾಗವನ್ನಷ್ಟೇ ಕೊಡುವಾಗ, ಮುಖ್ಯವಾಗಿ ನವಜಾತ ಶಿಶುಗಳಿಗೆ, ಆಗುತ್ತದೆ.

ಡ್ರಿಪ್ ಮತ್ತು ಪಂಪ್

ನಿಮಿಷಕ್ಕೆ ಎಷ್ಟು ಹನಿ ಎಂಬುದನ್ನು ತಿಳಿಯಲು ಒಟ್ಟು ಮಿ.ಲೀ.ಯನ್ನು ಸೆಟ್‌ನ ಹನಿ ಸಂಖ್ಯೆಯಿಂದ ಗುಣಿಸಿ ಒಟ್ಟು ನಿಮಿಷಗಳಿಂದ ಭಾಗಿಸಬೇಕು. ಹನಿ ಸಂಖ್ಯೆ ಸೆಟ್‌ನ ಪೊಟ್ಟಣದ ಮೇಲೆಯೇ ಇರುತ್ತದೆ: ಮ್ಯಾಕ್ರೋ ಸೆಟ್‌ಗಳಲ್ಲಿ 1 ಮಿ.ಲೀ.ಗೆ 10, 15 ಅಥವಾ 20 ಹನಿ, ಮೈಕ್ರೋ ಸೆಟ್‌ನಲ್ಲಿ 60. 500 ಮಿ.ಲೀ. ಸಲೈನ್ 4 ಗಂಟೆಯಲ್ಲಿ ಹೋಗಬೇಕಿದ್ದು ಸೆಟ್ 20 ಹನಿಯದಾದರೆ 500 × 20 ÷ 240, ಅಂದರೆ ಸುಮಾರು 42 ಹನಿ. ಮೈಕ್ರೋ ಸೆಟ್‌ನಲ್ಲಿ ಗಂಟೆಗೆ ಎಷ್ಟು ಮಿ.ಲೀ.ಯೋ ನಿಮಿಷಕ್ಕೆ ಅಷ್ಟೇ ಹನಿ, ಲೆಕ್ಕವೇ ಬೇಡ. ರೋಗಿ ಕೈ ಮಡಚಿದರೂ ಹನಿಯ ವೇಗ ಬದಲಾಗುವುದರಿಂದ ಆಗಾಗ ಬಂದು ಎಣಿಸಬೇಕು. ಡ್ರಿಪ್ ಹಿಂದೆ ಬಿದ್ದಿದೆಯೆಂದು ಉಳಿದದ್ದನ್ನು ರಭಸವಾಗಿ ಬಿಡುವುದು ಹೃದಯ ಅಥವಾ ಮೂತ್ರಪಿಂಡ ದುರ್ಬಲವಾಗಿರುವವರಿಗೆ ಅಪಾಯಕಾರಿ.

ಸಿರಿಂಜಿನ ಔಷಧವನ್ನು ನಿಗದಿತ ವೇಗದಲ್ಲಿ ತಳ್ಳುವ ಪಂಪಿನ ಲೆಕ್ಕ ಉದ್ದವಾದರೂ ಒಂದೊಂದೇ ಮೆಟ್ಟಿಲಾಗಿ ಹತ್ತಿದರೆ ಕಷ್ಟವಿಲ್ಲ. 60 ಕೆ.ಜಿ. ತೂಕದ ರೋಗಿಗೆ ನಿಮಿಷಕ್ಕೆ ಪ್ರತಿ ಕಿಲೋಗೆ 5 ಮೈಕ್ರೋಗ್ರಾಂ ಡೋಪಮಿನ್ ಬೇಕು, 50 ಮಿ.ಲೀ. ಸಿರಿಂಜಿನಲ್ಲಿ 200 ಮಿ.ಗ್ರಾಂ ಇದೆ. ನಿಮಿಷಕ್ಕೆ 300 ಮೈಕ್ರೋಗ್ರಾಂ, ಗಂಟೆಗೆ 18000 ಮೈಕ್ರೋಗ್ರಾಂ, ಅಂದರೆ 18 ಮಿ.ಗ್ರಾಂ. ಸಿರಿಂಜಿನ ಪ್ರತಿ ಮಿ.ಲೀ.ನಲ್ಲಿ 4 ಮಿ.ಗ್ರಾಂ ಇರುವುದರಿಂದ ಗಂಟೆಗೆ 4.5 ಮಿ.ಲೀ. ಪಂಪಿಗೆ ಈ ಸಂಖ್ಯೆ ಒತ್ತುವಾಗ ಬಿಂದು ತಪ್ಪಿ 45 ಆದರೆ ಪಂಪ್ ಆಕ್ಷೇಪಿಸದೆ ಇರಬಹುದು. ಗುಂಡಿ ಒತ್ತಿದ ಮೇಲೆ ಪರದೆಯನ್ನು ಮತ್ತೊಮ್ಮೆ ಓದಬೇಕು.

ಹೆಚ್ಚು ಅಪಾಯದ ಔಷಧಗಳು

ಇನ್ಸುಲಿನ್, ಹೆಪಾರಿನ್, ಮಾರ್ಫಿನ್, ಪೊಟ್ಯಾಸಿಯಂ ಕ್ಲೋರೈಡ್ ಮತ್ತು ಕ್ಯಾನ್ಸರ್ ಔಷಧಗಳ ಲೆಕ್ಕವನ್ನು ಇಬ್ಬರು ಮಾಡಬೇಕು. 'ನಾನು 2 ಮಿ.ಲೀ. ಎಳೆದಿದ್ದೇನೆ, ಸರಿಯಲ್ಲವೇ' ಎಂದು ಕೇಳಿದರೆ ಎದುರಿನವರು ತಲೆಯಾಡಿಸುವುದೇ ಸಹಜ; ಉತ್ತರ ಹೇಳದೆ ಚಾರ್ಟ್ ಮತ್ತು ವಯಲ್ ಕೊಟ್ಟು ಅವರಿಂದಲೇ ಲೆಕ್ಕ ಮಾಡಿಸಿದರೆ ಮಾತ್ರ ಅದು ಎರಡನೆಯ ಪರಿಶೀಲನೆ.

ಇನ್ಸುಲಿನ್ ವಯಲ್ ಮತ್ತು ಸಿರಿಂಜ್ ಒಂದೇ ಬಗೆಯವಾಗಿರಬೇಕು. ಪ್ರತಿ ಮಿ.ಲೀ.ಗೆ 100 ಯೂನಿಟ್ ಇರುವ ಇನ್ಸುಲಿನ್ನನ್ನು 40ರ (ಪ್ರತಿ ಮಿ.ಲೀ.ಗೆ 40 ಯೂನಿಟ್‌ನಂತೆ ಗೆರೆ ಹಾಕಿದ) ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ಅದು ಅರ್ಧ ಮಿ.ಲೀ., ಅಂದರೆ 50 ಯೂನಿಟ್. ಇದಕ್ಕೆ ತಿರುಗುಮುರುಗಾಗಿ 40ರ ಇನ್ಸುಲಿನ್ನನ್ನು 100ರ ಸಿರಿಂಜಿನಲ್ಲಿ ಅದೇ ಗೆರೆಯವರೆಗೆ ಎಳೆದರೆ ರೋಗಿಗೆ ಸಿಗುವುದು 8 ಯೂನಿಟ್ ಮಾತ್ರ. ಪೊಟ್ಯಾಸಿಯಂ ಕ್ಲೋರೈಡ್ ಆಂಪೂಲನ್ನು ನೇರವಾಗಿ ರಕ್ತನಾಳಕ್ಕೆ ತಳ್ಳುವಂತಿಲ್ಲ, ಹೃದಯ ನಿಂತುಹೋಗಬಹುದು. ಅದನ್ನು ಸಾಕಷ್ಟು ದ್ರಾವಣದಲ್ಲಿ ಬೆರೆಸಿ, ಚೀಲವನ್ನು ಹಲವು ಬಾರಿ ತಲೆಕೆಳಗು ಮಾಡಿ ಚೆನ್ನಾಗಿ ಕಲೆಸಿ, ನಿಧಾನವಾಗಿಯೇ ಬಿಡಬೇಕು. ಕಲೆಸದೆ ಬಿಟ್ಟರೆ ಭಾರವಾದ ದ್ರಾವಣ ತಳದಲ್ಲಿ ನಿಂತು ಮೊದಲಿಗೇ ಒಳಹೋಗುತ್ತದೆ.

ಹಾಸಿಗೆಯ ಬಳಿ

ಲೇಬಲನ್ನು ಕಪಾಟಿನಿಂದ ತೆಗೆಯುವಾಗ, ಔಷಧ ಎಳೆಯುವಾಗ ಮತ್ತು ಕೊಡುವ ಮುನ್ನ, ಹೀಗೆ ಮೂರು ಬಾರಿ ಓದಬೇಕು. ರೋಗಿಯನ್ನು ಹಾಸಿಗೆಯ ಸಂಖ್ಯೆಯಿಂದ ಗುರುತಿಸಬಾರದು. 'ನೀವು ಇಂಥವರಾ?' ಎಂದರೆ ಮಂಪರಿನಲ್ಲಿರುವವರು ಹೌದೆಂದುಬಿಡುತ್ತಾರೆ; 'ನಿಮ್ಮ ಹೆಸರೇನು?' ಎಂದು ಕೇಳಿ ಕೈಪಟ್ಟಿಯ ಮೇಲಿನ ಹೆಸರು ಮತ್ತು ನೋಂದಣಿ ಸಂಖ್ಯೆಯನ್ನು ಚಾರ್ಟ್‌ನೊಂದಿಗೆ ಹೋಲಿಸಬೇಕು. ಅಲರ್ಜಿಯ ಬಗ್ಗೆ ಆಗಲೇ ಕೇಳಬೇಕು. ಡಿಗಾಕ್ಸಿನ್ ಕೊಡುವ ಮುನ್ನ ಹೃದಯ ಬಡಿತವನ್ನು ಪೂರ್ತಿ ಒಂದು ನಿಮಿಷ ಎಣಿಸಿ, ವಯಸ್ಕರಲ್ಲಿ 60ಕ್ಕಿಂತ ಕಡಿಮೆಯಿದ್ದರೆ ಕೊಡದೆ ವೈದ್ಯರಿಗೆ ತಿಳಿಸಬೇಕು. ಮಾರ್ಫಿನ್‌ಗೆ ಮುಂಚೆ ಉಸಿರಾಟವನ್ನೂ ಇನ್ಸುಲಿನ್‌ಗೆ ಮುಂಚೆ ರಕ್ತದ ಸಕ್ಕರೆಯನ್ನೂ ನೋಡಬೇಕು. ಮೂಗಿನ ಕೊಳವೆಯ ಮೂಲಕ ಕೊಡಲೆಂದು ನಿಧಾನವಾಗಿ ಕರಗುವ ಮಾತ್ರೆಗಳನ್ನು ಪುಡಿ ಮಾಡಿದರೆ, ಇಡೀ ದಿನಕ್ಕೆ ಹಂಚಿಹೋಗಬೇಕಾದ ಔಷಧ ಒಮ್ಮೆಲೇ ಬಿಡುಗಡೆಯಾಗುತ್ತದೆ. ಬೇರೆ ರೂಪದ ಔಷಧವಿದೆಯೇ ಎಂದು ಫಾರ್ಮಸಿಯನ್ನು ವಿಚಾರಿಸಬೇಕು.

'ಸಿಸ್ಟರ್, ನಿನ್ನೆ ಕೊಟ್ಟ ಮಾತ್ರೆ ಈ ಬಣ್ಣದ್ದಾಗಿರಲಿಲ್ಲ' ಎಂದು ರೋಗಿ ಹೇಳಿದರೆ ಕೊಡುವುದನ್ನು ಅಲ್ಲಿಗೇ ನಿಲ್ಲಿಸಿ ಚಾರ್ಟ್ ನೋಡಬೇಕು. ಬಹುಪಾಲು ಕಂಪನಿ ಬದಲಾಗಿರುತ್ತದೆ; ಆದರೆ ಬದಲಾಗಿರದ ಸಂದರ್ಭದಲ್ಲಿ ಆ ಒಂದು ಮಾತೇ ಕೊನೆಯ ತಡೆಗೋಡೆ.

ಚಾರ್ಟ್‌ನಲ್ಲಿ ಸಹಿ ಮಾಡುವುದು ಕೊಟ್ಟ ಮೇಲೆಯೇ. ಕೊಡದಿದ್ದರೆ ಕಾರಣ ಬರೆಯಬೇಕು. ತಪ್ಪು ಡೋಸ್ ಹೋಗಿದೆ ಎಂದು ಗೊತ್ತಾದ ಕ್ಷಣವೇ ರೋಗಿಯ ಸ್ಥಿತಿ ನೋಡಿ, ವೈದ್ಯರಿಗೂ ವಾರ್ಡಿನ ಹಿರಿಯ ನರ್ಸ್‌ಗೂ ತಿಳಿಸಿ, ನಡೆದದ್ದನ್ನು ಸಮಯಸಹಿತ ಕೇಸ್ ಶೀಟ್‌ನಲ್ಲಿ ದಾಖಲಿಸಬೇಕು. ಖಾಲಿ ವಯಲ್ ಮತ್ತು ಸಿರಿಂಜನ್ನು ಎಸೆಯದೆ ತೆಗೆದಿಟ್ಟರೆ, ನಿಜವಾಗಿ ಎಷ್ಟು ಔಷಧ ಒಳಹೋಯಿತೆಂದು ಲೆಕ್ಕ ಹಾಕಲು ಸಾಧ್ಯವಾಗುತ್ತದೆ.